ಹಡಗಿನ ಬಿಳಿ ಮೈಯಲ್ಲಿ ವಿವರ ಅಳಿಸಿಹೋಗುತ್ತಿರುವ ಬಗ್ಗೆ
ಕಡಲತೀರದಿಂದ ತೆಗೆದ ಚಿತ್ರದಲ್ಲಿ ಪ್ರವಾಸಿ ಹಡಗಿನ ಬಾಲ್ಕನಿಗಳು ಬಿಳುಪಿನಲ್ಲಿ ಅಳಿಸಿಹೋಗುತ್ತಿವೆ, ಕಿಟಕಿಗಳ ಅಂಚು ನಡುಗಿದಂತೆ ಕಾಣುತ್ತದೆ ಎಂದು ಕೇಳಿದ್ದೀರಿ. ತೆಂಗಿನ ಮರಗಳ ಕಡು ನೆರಳು ಚೌಕಟ್ಟಿನ ಬಹುಭಾಗವನ್ನು ತುಂಬಿರುವುದರಿಂದ ಕ್ಯಾಮೆರಾ ಆ ಕತ್ತಲೆಗೆ ತಕ್ಕಂತೆ ಎಕ್ಸ್‌ಪೋಶರ್ (ಚಿತ್ರಕ್ಕೆ ಒಳಬಿಡುವ ಬೆಳಕು) ಹೆಚ್ಚಿಸಿಕೊಳ್ಳುತ್ತಿದೆ. ದಡದ ಬಳಿ ನಿಂತ ಪ್ರವಾಸಿ ಹಡಗಿನ ಬಾಲ್ಕನಿಗಳ ಸಾಲು ನೀವು ಹೇಳಿದಂತೆ ಬಿಳುಪಿನಲ್ಲಿ ಅಳಿಸಿಹೋಗುವುದಕ್ಕೆ ಬಹುಶಃ ಇದೇ ಕಾರಣ. ಮೊದಲು ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಆ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು -1ಕ್ಕೆ ಇಳಿಸಿ, ರಾ ರೂಪದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಒಂದು ಚಿತ್ರ ತೆಗೆದು, ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ಬಲತುದಿಗೆ ಒತ್ತಿಕೊಂಡಿದೆಯೇ ಎಂದು ನೋಡಿ. ಒತ್ತಿಕೊಂಡಿದ್ದರೆ ಇನ್ನಷ್ಟು ಇಳಿಸಿ. ನೆರಳನ್ನು ಆಮೇಲೆ ತಿದ್ದುವಾಗ ಬೆಳಗಿಸಬಹುದು, ಪೂರ್ತಿ ಬೆಳ್ಳಗಾದ ಭಾಗವನ್ನು ಮರಳಿ ತರಲಾಗದು. ಬಳಿಕ ಲೆನ್ಸಿನ ಮುಂದೆ ಹಾಕುವ, ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತ, ನೀರಿನ ಹೊಳಪು ತಗ್ಗುವಲ್ಲಿ ನಿಲ್ಲಿಸಿ.

ಕಿಟಕಿಗಳ ಅಂಚು ನಡುಗಿದಂತೆ ಕಾಣುವುದು ಫೋಕಸ್ ದೋಷವಿರಲಾರದು. ಮಧ್ಯಾಹ್ನ ಕಾದ ಮರಳಿನಿಂದ ಏಳುವ ಬಿಸಿಗಾಳಿ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಹಾಗೆಯೇ ಕಾಣುತ್ತದೆ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಮುಂಜಾನೆ, ಮರಳು ಕಾಯುವ ಮೊದಲೇ, ನೀರಿನಂಚಿಗೆ ಹೋಗಿ ತೆಗೆಯಿರಿ.