ನೀರೋ ಕಾಲದ ಪ್ರೇಮಕಾದಂಬರಿಯಲ್ಲಿ ರೋಮನ್ ಸೈನಿಕ ಕ್ರೈಸ್ತನಾಗುವುದನ್ನು ನಂಬುವ ಹಾಗೆ ಬರೆಯುವುದು ಹೇಗೆ?

ಆ ಸೈನಿಕನನ್ನು ನಾನೂ ಬರೆದಿದ್ದೇನೆ. ಹುಡುಗಿ ಕ್ರೈಸ್ತಳು, ಇವನು ಅವಳಿಗೆ ಮನಸೋತವನು. ಇಬ್ಬರೂ ನೆಲದಡಿಯ ಸಮಾಧಿಗಳಲ್ಲಿ ಅಡಗುತ್ತಾರೆ, ಕೊನೆಗೆ ಕೊಲೋಸಿಯಂನಲ್ಲಿ ಸಿಂಹದ ಬಾಯಿಗೆ. ಹಸ್ತಪ್ರತಿ ಓದಿದ ಇತಿಹಾಸದ ಮೇಷ್ಟ್ರು ಕೇಳಿದ್ದು ಒಂದೇ: "ಆಗ ಕೊಲೋಸಿಯಂ ಎಲ್ಲಿತ್ತಯ್ಯಾ?"

ರೋಮ್ ಹೊತ್ತಿ ಉರಿದದ್ದು ಕ್ರಿ.ಶ. 64ರಲ್ಲಿ, ನೀರೋ ಸತ್ತದ್ದು 68ರಲ್ಲಿ. ಕೊಲೋಸಿಯಂ ಕಟ್ಟಲು ಶುರುಮಾಡಿದ್ದು ಆಮೇಲೆ ಬಂದ ಚಕ್ರವರ್ತಿ ವೆಸ್ಪೇಸಿಯನ್, ಅದು ತೆರೆದದ್ದು 80ರಲ್ಲಿ. ಕ್ರೈಸ್ತರ ಆ ಸಮಾಧಿಗಳು ಬೆಂಕಿಗಿಂತ ನೂರಕ್ಕೂ ಹೆಚ್ಚು ವರ್ಷ ಈಚಿನವು. ಅವು ಹೆಣ ಹೂಳುವ ಜಾಗ, ಅಡಗುದಾಣವಲ್ಲ. ನೀರೋ ತನ್ನ ತೋಟದಲ್ಲೇ ಕ್ರೈಸ್ತರನ್ನು ರಾತ್ರಿಯ ದೀಪಗಳಾಗಿ ಉರಿಸಿದ ಎನ್ನುತ್ತಾನೆ ರೋಮನ್ ಇತಿಹಾಸಕಾರ ಟ್ಯಾಸಿಟಸ್.

ಇಸವಿಗಳನ್ನು ತಿದ್ದಿದೆ. ಕಾದಂಬರಿ ರಿಪೇರಿಯಾಗಲಿಲ್ಲ. ಸಿಂಹವನ್ನು ತಂದ ಮೇಲೆ ನನ್ನ ಪಾತ್ರಗಳು ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ, ಅದೇ ನನ್ನನ್ನು ಮುಳುಗಿಸಿದ್ದು. ಕೆಟ್ಟವನು ಅರಮನೆಯಲ್ಲಿದ್ದಾನೆ, ಹೊರಗಿರುವವರೆಲ್ಲ ಒಳ್ಳೆಯವರು, ಹುಡುಗಿಗೆ ಸೈನಿಕನ ಮೇಲೆ ಒಂದು ದಿನವೂ ಅನುಮಾನವಿಲ್ಲ, ಅವನಿಗೆ ಅವಳ ದೇವರ ಮೇಲೆ ಒಂದು ಪ್ರಶ್ನೆಯೂ ಇಲ್ಲ. ಅವನ ದೀಕ್ಷಾಸ್ನಾನ ಅಂದರೆ ಹುಡುಗಿಗೆ ಕಟ್ಟಿದ ತೆರ, ಅಷ್ಟೇ. ನಾಲ್ಕು ಸಲ ಬರೆದರೂ ಅದು ತೆರವಾಗಿಯೇ ಉಳಿಯಿತು. ಎರಡು ವರ್ಷದ ಕೆಲಸ ಅಟ್ಟ ಸೇರಿತು.

ಆದ್ದರಿಂದ ನಂಬಿಸುವುದು ಹೇಗೆ ಅಂತ ಕೇಳಬೇಡಿ. ಅವನು ಕ್ರೈಸ್ತನಾಗುವುದೇ ಬೇಡ, ನೀರೋನೂ ಬೇಡ.

ಎರಡನೇ ಶತಮಾನದ ನಡುವೆ ಜಸ್ಟಿನ್ ಎಂಬ ಕ್ರೈಸ್ತ ಲೇಖಕ ಬರೆದಿಟ್ಟ ಒಂದು ಪ್ರಸಂಗವಿದೆ. ರೋಮಿನ ಹೆಂಗಸೊಬ್ಬಳು ಕ್ರೈಸ್ತಳಾಗುತ್ತಾಳೆ. ಗಂಡ ಲಂಪಟ. ಸರಿಹೋದಾನು, ತಾಳಿಕೋ ಅಂತ ಅವಳ ಕಡೆಯವರೇ ಹೇಳುತ್ತಾರೆ (ಇದು ನಮಗೆ ಎಷ್ಟು ಗೊತ್ತಿರುವ ಮಾತು!). ಕೊನೆಗೆ ವಿಚ್ಛೇದನ ಕೊಡುತ್ತಾಳೆ. ಅವಳು ಕ್ರೈಸ್ತಳೆಂದು ಗಂಡನೇ ದೂರು ಕೊಡುತ್ತಾನೆ. ಅಷ್ಟರಲ್ಲಾಗಲೇ ಟ್ರೇಜನ್ ಚಕ್ರವರ್ತಿ, 112ರ ಸುಮಾರಿಗೆ, ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡಿ, ಹೆಸರಿಲ್ಲದ ದೂರನ್ನು ತಗೊಳ್ಳಬೇಡಿ ಅಂದಿದ್ದ. ಅಂದರೆ ಹಿಡಿದುಕೊಡಲು ಗೊತ್ತಿದ್ದವರೇ ಮುಂದೆ ಬರಬೇಕು. ಪ್ರೇಮಕಥೆಗೆ ಇದಕ್ಕಿಂತ ಇನ್ನೇನು ಬೇಕು?

ಆಕೆ ಚಕ್ರವರ್ತಿಗೆ ಅರ್ಜಿ ಹಾಕಿ ಕಾಲಾವಕಾಶ ಪಡೆದಾಗ ಗಂಡ ಅವಳ ಗುರು ಟಾಲೆಮಿಯಸ್‌ನ ಮೇಲೆ ತಿರುಗುತ್ತಾನೆ. ತನ್ನ ಸ್ನೇಹಿತನಾದ ಸೆಂಚೂರಿಯನ್‌ಗೆ, ಅಂದರೆ ರೋಮನ್ ಸೈನ್ಯದ ತುಕಡಿಯೊಂದರ ನಾಯಕನಿಗೆ, ಹೇಳಿ ಹಿಡಿಸುತ್ತಾನೆ. ನೀನು ಕ್ರೈಸ್ತನೇ ಅಂತಷ್ಟೇ ಕೇಳು ಅನ್ನುತ್ತಾನೆ. ಗುರು ಹೌದು ಅಂದ, ಶಿಕ್ಷೆಯಾಯಿತು.

ನಿಮ್ಮ ಸೈನಿಕ ಈ ಸೆಂಚೂರಿಯನ್. ಜಸ್ಟಿನ್ ಅವನ ಹೆಸರನ್ನೂ ಬರೆದಿಲ್ಲ, ಆ ಹೆಂಗಸಿನದನ್ನೂ ಬರೆದಿಲ್ಲ. ಎರಡೂ ನಿಮಗೆ ಬಿಟ್ಟದ್ದು. ಅವಳನ್ನು ಮೊದಲೇ ಬಲ್ಲವನಾಗಿರಲಿ. ಆಮೇಲೆ ಅವನು ನಂಬಿದರೂ ಸರಿ, ಬಿಟ್ಟರೂ ಸರಿ, ಅವಳು ಮಾತ್ರ ಅವನಿಗೆ ಸಿಗಕೂಡದು.