ಮರಳೊಳಗಿನ ಮೀನಿಗೆ ಎಂ-ಸ್ಯಾಂಡ್ ಬೇಡ

ಪ್ರಶ್ನೆ: ಆರಿಂಚಿನ ಪೀಕಾಕ್ ಈಲ್ (ಹಾವಿನಂತೆ ಉದ್ದವಿರುವ ಅಕ್ವೇರಿಯಂ ಮೀನು) ತಂದು ಎರಡು ತಿಂಗಳಾಯಿತು. ಮೂರಡಿ ತೊಟ್ಟಿ, ತಳಕ್ಕೆ ತೊಳೆದ ಎಂ-ಸ್ಯಾಂಡ್ ಹಾಕಿದ್ದೇವೆ. ಹಗಲೆಲ್ಲ ಮರಳೊಳಗೇ ಇರುತ್ತದೆ. ಬೆನ್ನು ಚೂಪಾಗಿದೆ, ಹೊಟ್ಟೆಯ ಮೇಲೆ ಕೆಂಪು ಗೀರುಗಳಿವೆ. ಸಂಜೆ ಹಾಕುವ ಪೆಲೆಟ್ (ಒಣ ಗುಳಿಗೆ ಆಹಾರ) ಮುಟ್ಟುವುದಿಲ್ಲ. ಯಾವ ಔಷಧಿ ಹಾಕಬೇಕು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಔಷಧಿಗಿಂತ ಮೊದಲು ಮರಳು ಬದಲಿಸಿ. ಎಂ-ಸ್ಯಾಂಡ್ ಎಂದರೆ ಕ್ರಷರಿನಲ್ಲಿ ಒಡೆದ ಕಲ್ಲು. ತೊಳೆದರೆ ದೂಳು ಹೋದೀತು, ಅಂಚಿನ ಚೂಪು ಹೋಗದು. ಪೀಕಾಕ್ ಈಲ್‌ನ ಹುರುಪೆ ತೀರಾ ಸಣ್ಣವು. ಮೂತಿ ತೂರಿಸಿ ಒಳಗಿಳಿದಾಗೆಲ್ಲ ಮೈ ಗೀರಿ, ಆ ಗಾಯಕ್ಕೆ ಸೋಂಕು ತಗಲುತ್ತದೆ. ತಾಮ್ರ ಇರುವ ಔಷಧಿಯನ್ನಂತೂ ಹಾಕಲೇಬೇಡಿ, ಈ ಜಾತಿ ತಡೆಯುವುದಿಲ್ಲ.

ಈಜುಕೊಳದ ಫಿಲ್ಟರಿಗೆ ಬಳಸುವ ಸಿಲಿಕಾ ಮರಳು ಅಥವಾ ಜರಡಿ ಹಿಡಿದ ನಯವಾದ ಹೊಳೆಮರಳು ಆಗುತ್ತದೆ. ಕಾಳು 1 ಮಿ.ಮೀ. ಮೀರಬಾರದು. ಚಿಟಿಕೆ ಮರಳನ್ನು ಬೆರಳ ನಡುವೆ ಉಜ್ಜಿ ನೋಡಿ, ಚುಚ್ಚಬಾರದು. ನಾಲ್ಕು ಹನಿ ವಿನೆಗರ್ ಬಿಟ್ಟಾಗ ನೊರೆ ಬಂದರೆ ಸುಣ್ಣದಂಶ ಇದೆಯೆಂದು ಅರ್ಥ, ಅದು ಬೇಡ. ಮೂರಡಿ ಉದ್ದ, ಒಂದೂಕಾಲಡಿ ಅಗಲದ ತಳಕ್ಕೆ ಎರಡೂವರೆ ಇಂಚು ದಪ್ಪ ಹರಡಲು 30–35 ಕೆ.ಜಿ. ಬೇಕು. ಮರಳಿನಡಿ ಅಂಡರ್‌ಗ್ರಾವೆಲ್ ಫಿಲ್ಟರ್ ಇದ್ದರೆ ತೆಗೆದು ಸ್ಪಾಂಜ್ ಫಿಲ್ಟರ್ ಹಾಕಿ. ನಯಮರಳು ಅಂಡರ್‌ಗ್ರಾವೆಲ್ ಫಿಲ್ಟರಿನ ಸಂದುಗಳನ್ನು ಮುಚ್ಚಿಬಿಡುತ್ತದೆ.

ಚೂಪು ಬೆನ್ನು ಹೆಚ್ಚಾಗಿ ಹಸಿವಿನ ಗುರುತು. ಇದು ಕತ್ತಲಲ್ಲಿ ವಾಸನೆ ಹಿಡಿದು ಉಣ್ಣುವ ಮೀನು. ಸಂಜೆಯ ಪೆಲೆಟ್ ತೊಟ್ಟಿಯಲ್ಲಿ ಬೇರೆ ಮೀನಿದ್ದರೆ ಅವುಗಳ ಪಾಲು. ಲೈಟ್ ಆರಿಸಿ ಅರ್ಧ ಗಂಟೆ ಬಿಡಿ. ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿ ಮಾರುವ ಸಣ್ಣ ಕೆಂಪು ಹುಳು) ಕರಗಿಸಿ, ಸಿರಿಂಜಿಗೆ ಏರ್ ಪೈಪಿನ ತುಂಡು ಸಿಕ್ಕಿಸಿ, ಮರಳಿನಿಂದ ಇಣುಕಿದ ಮೂತಿಯ ಹತ್ತಿರ ನಿಧಾನವಾಗಿ ಬಿಡಿ. ಮೂತಿಯ ತುದಿ ಅತ್ತಿತ್ತ ಆಡಿ, ಹುಳುವನ್ನು ಸರಕ್ಕನೆ ಎಳೆದುಕೊಳ್ಳುವುದು ಕಾಣುತ್ತದೆ. ಕೊಚ್ಚಿದ ಎರೆಹುಳು, ಸಿಗಡಿ ಚೂರೂ ಆಗುತ್ತದೆ. ಆದರೆ ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳು ಬೇಡ, ಅದು ಬಿಡುವ ಹಳದಿ ದ್ರವದ ರುಚಿಗೆ ಮೀನು ಉಗಿದುಬಿಡುತ್ತದೆ. ಮೈ ತುಂಬುವವರೆಗೆ ದಿನಾ ರಾತ್ರಿ ಸ್ವಲ್ಪ ಸ್ವಲ್ಪ, ಆಮೇಲೆ ದಿನ ಬಿಟ್ಟು ದಿನ ಸಾಕು.

ಮುಚ್ಚಳದಲ್ಲಿ ವೈರ್, ಪೈಪ್ ಹೋಗುವ ಸಂದುಗಳಿಗೆ ಸ್ಪಾಂಜ್ ತುರುಕಿ. ಬೆರಳು ತೂರುವ ಸಂದಿದ್ದರೆ ಮೀನು ಬೆಳಗ್ಗೆ ನೆಲದ ಮೇಲಿರುತ್ತದೆ. ಮೈಸೂರಿನ ಡಿಸೆಂಬರ್ ಚಳಿಗೆ ಹೀಟರ್ ಹಾಕುವುದಾದರೆ ಜಾಲರಿ ಕವಚ ಇರಲಿ, ಸುತ್ತಿಕೊಂಡು ಮಲಗಿ ಮೈ ಸುಟ್ಟುಕೊಳ್ಳುತ್ತದೆ.

ಪ್ರಶ್ನೆ: ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಸಿಕ್ಕ ಹಾವುಮೀನಿನ ಮರಿಯನ್ನು ಇದೇ ಥರ ಸಾಕಬಹುದೇ?
– ಓದುಗರು, ಮಂಡ್ಯ

ಉತ್ತರ: ಬೇಡ. ನಮ್ಮ ಕಡೆಯ ದೊಡ್ಡ ಹಾವುಮೀನು ಎರಡಡಿ ದಾಟಿ ಬೆಳೆಯುತ್ತದೆ, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಅಂಗಡಿ ಮೀನಿನ ಜೊತೆ ಇನ್ನೂ ಬಿಟ್ಟಿಲ್ಲವಾದರೆ ಇವತ್ತೇ ಅದೇ ನಾಲೆಗೆ ಬಿಡಿ. ಒಟ್ಟಿಗೆ ಇಟ್ಟಿದ್ದರೆ ವಾಪಸ್ ಬಿಡಬೇಡಿ, ತೊಟ್ಟಿಯ ರೋಗ ನಾಲೆಗೆ ಹೋಗುತ್ತದೆ. ಆಗ ಕನಿಷ್ಠ ಆರಡಿ ತೊಟ್ಟಿ ಇರುವವರನ್ನು ಹುಡುಕಿ ಕೊಡಿ.