ಕೇಸಿನಲ್ಲಿ ಸಿಕ್ಕಿಬಿದ್ದ ಹದಿಹರೆಯದವರಿಗೆ ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ ಕೊಡಬಹುದಾ?

ಖಂಡಿತ ಕೊಡಬಹುದು. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಸ್ಕಾಟ್ ಹೆಂಗಲರ್ ಮತ್ತು ಸಂಗಡಿಗರು ಬೆಳೆಸಿದ ಮಲ್ಟಿಸಿಸ್ಟಮಿಕ್ ಥೆರಪಿ (ಮನೆ, ಗೆಳೆಯರು, ಶಾಲೆ ಎಲ್ಲವನ್ನೂ ಸೇರಿಸಿ ಮಾಡುವ ಚಿಕಿತ್ಸೆ) ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ಥೆರಪಿಸ್ಟೇ ಮನೆಗೆ ಬರುತ್ತಾರೆ. ಒಬ್ಬರಿಗೆ 4ರಿಂದ 6 ಕುಟುಂಬ ಮಾತ್ರ. ನಡುರಾತ್ರಿ ಜಗಳವಾದರೂ ಫೋನ್ ಮಾಡಬಹುದು. ಹೀಗೆ 3ರಿಂದ 5 ತಿಂಗಳು.

ಜಾಸ್ತಿ ಕೆಲಸ ನಡೆಯುವುದು ಅಪ್ಪ ಅಮ್ಮನ ಜೊತೆ. ಸಂಜೆ ಮಗ ಎಲ್ಲಿರುತ್ತಾನೆ, ಯಾರ ಜೊತೆ ತಿರುಗುತ್ತಾನೆ, ಶಾಲೆಯಲ್ಲಿ ಯಾರನ್ನು ಕೇಳಬೇಕು, ಇಂಥವು. ನನಗೆ ಇದೇ ಸರಿ ಅನ್ನಿಸುತ್ತದೆ. ಥೆರಪಿಸ್ಟ್ ಹೋದ ಮೇಲೂ ಜೊತೆಗಿರುವುದು ಮನೆಯವರೇ ಅಲ್ವಾ?

ಅಮೆರಿಕದ ಮಿಸೌರಿ ರಾಜ್ಯದ 1995ರ ಅಧ್ಯಯನದಲ್ಲಿ, ಈ ಥೆರಪಿ ಮುಗಿಸಿದವರಲ್ಲಿ 4 ವರ್ಷದೊಳಗೆ ಮತ್ತೆ ಬಂಧನವಾದವರು ಸುಮಾರು 26%. ಒಬ್ಬೊಬ್ಬರಾಗಿ ಕೌನ್ಸೆಲಿಂಗ್ ಪಡೆದವರಲ್ಲಿ 71%. ಆದರೆ ಇಂಗ್ಲೆಂಡ್‌ನಲ್ಲಿ 684 ಕುಟುಂಬಗಳ ಜೊತೆ ಮಾಡಿದ ದೊಡ್ಡ ಪ್ರಯೋಗದಲ್ಲಿ ಮಾಮೂಲಿ ಸೇವೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.